ಓದು ಕಲಿಸುವ ಮೇಷ್ಟ್ರು ಮೊದಲು ಯಾವ ಪುಸ್ತಕ ಓದಬೇಕು?

'ನನ್ನ ಕ್ಲಾಸಲ್ಲಿ ಹತ್ತು ಮಕ್ಕಳಿಗೆ ಓದೋಕೇ ಬರಲ್ಲ ಸಾರ್' ಎಂಬ ಮಾತು ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ಯಾರ ಬಾಯಿಂದಾದರೂ ಬಂದೇ ಬರುತ್ತದೆ. ಆ ಹತ್ತು ಮಕ್ಕಳೂ ಒಂದೇ ಬಗೆಯವರಲ್ಲ. ಒತ್ತಕ್ಷರ ಕಂಡೊಡನೆ ನಿಂತುಬಿಡುವ ಮಗು ಒಂದು. ಇಡೀ ಪುಟವನ್ನು ತಡವರಿಸದೆ ಗಟ್ಟಿಯಾಗಿ ಓದಿ, 'ಏನು ಓದಿದೆ ಹೇಳು ಪುಟ್ಟ' ಅಂದರೆ ಮತ್ತೆ ಪುಸ್ತಕದೊಳಗೆ ಮುಖ ಹುದುಗಿಸುವ ಮಗು ಇನ್ನೊಂದು. ಅಕ್ಷರ ಬಿಟ್ಟು ಮೇಡಂ ಮುಖ ನೋಡಿಕೊಂಡೇ ಓದುವ ಮಗುವೂ ಇದೆ. ಎಲ್ಲ ಬಂದರೂ ಪಠ್ಯಪುಸ್ತಕದಾಚೆ ಒಂದು ಹಾಳೆ ತಿರುವದ ಮಗುವೂ ಇದೆ.

ಶಿಕ್ಷಣದ ಬಗ್ಗೆ, ಯೋಚನೆಯ ಬಗ್ಗೆ ಹೆಸರಾದ ಪುಸ್ತಕಗಳನ್ನು ಆರಿಸಿಕೊಳ್ಳುವಾಗ ಈ ನಾಲ್ವರಲ್ಲಿ ಯಾರು ನಿಮ್ಮ ನಿದ್ದೆ ಕೆಡಿಸಿದ್ದಾರೆ ಎಂದು ಮೊದಲು ನೋಡಿಕೊಳ್ಳಿ. 'ಶಿಕ್ಷಕರು ಓದಲೇಬೇಕಾದ ಪುಸ್ತಕಗಳು' ಎಂಬ ಪಟ್ಟಿಗಳು ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಹಾಗಾಗಿಯೇ ಒತ್ತಕ್ಷರದ ತೊಡಕಿರುವವರ ಕೈಗೆ ಜಪಾನಿನ ರೈಲುಡಬ್ಬಿ ಶಾಲೆಯ ಕಥೆ ಬರುತ್ತದೆ. ಅವರು ಓದಿ ಕಣ್ಣೊರೆಸಿಕೊಳ್ಳುತ್ತಾರೆ, ಸೋಮವಾರ ತರಗತಿಗೆ ಹೋಗಿ ಮತ್ತೆ ಅದೇ ಕಾಗುಣಿತವನ್ನು ರಾಗವಾಗಿ ಹೇಳಿಸುತ್ತಾರೆ.

ಒಂದರಿಂದ ಏಳನೇ ತರಗತಿಯವರೆಗೆ ಕನ್ನಡ ಓದು ಕಲಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆ ಬರೆದಿದ್ದೇನೆ.

ಕಥೆಯಂಥ ಎರಡು: ತೊತ್ತೋ-ಚಾನ್, ದಿವಾಸ್ವಪ್ನ

ನಮ್ಮ ಶಿಕ್ಷಕರು ಅತಿ ಹೆಚ್ಚು ಉಡುಗೊರೆ ಕೊಡುವ ಶಿಕ್ಷಣದ ಪುಸ್ತಕ ತೊತ್ತೋ-ಚಾನ್ ಇರಬೇಕು. ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದದ್ದು 1981ರಲ್ಲಿ ಪುಸ್ತಕವಾಯಿತು. ನ್ಯಾಷನಲ್ ಬುಕ್ ಟ್ರಸ್ಟ್‌ನಿಂದ ಕನ್ನಡದಲ್ಲೂ ಬಂದಿದೆ. ಟೋಕಿಯೊದ ತೊಮೊಯೆ ಶಾಲೆಯ ತರಗತಿಗಳು ಹಳೆಯ ರೈಲುಡಬ್ಬಿಗಳಲ್ಲಿ ನಡೆಯುತ್ತಿದ್ದವು. ದಿನ ಯಾವ ವಿಷಯದಿಂದ ಶುರುವಾಗಬೇಕು ಎಂದು ಮಕ್ಕಳೇ ನಿರ್ಧರಿಸುತ್ತಿದ್ದರು. ಬೇರೊಂದು ಶಾಲೆಯಿಂದ ಹೊರಹಾಕಿಸಿಕೊಂಡು ಬಂದ ಹುಡುಗಿಯ ಮಾತನ್ನು ಮುಖ್ಯೋಪಾಧ್ಯಾಯ ಕೊಬಾಯಾಶಿ ಮೊದಲ ದಿನವೇ ನಾಲ್ಕು ಗಂಟೆ ಕುಳಿತು ಕೇಳಿಸಿಕೊಂಡರು. 1945ರ ಬಾಂಬ್ ದಾಳಿಯಲ್ಲಿ ಶಾಲೆ ಸುಟ್ಟುಹೋಯಿತು.

ಓದು ಕಲಿಸುವ ವಿಧಾನ ಇದರಲ್ಲಿ ಹೆಚ್ಚೇನೂ ಇಲ್ಲ. ಸಿಗುವುದು ಕೇಳಿಸಿಕೊಳ್ಳುವ ಪಾಠ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅಷ್ಟು ಸಾಕು. ಹತ್ತಾರು ವರ್ಷ ಕಲಿಸಿ ಬೇಸತ್ತವರಿಗೆ ಮಾತ್ರ ಇದು ಕೆಲವೊಮ್ಮೆ ತಿರುಗುಬಾಣವಾಗುತ್ತದೆ: 'ಒಟ್ಟು ಐವತ್ತು ಮಕ್ಕಳ ಖಾಸಗಿ ಶಾಲೆ, ನಮಗೆಲ್ಲಿ ಸಾಧ್ಯ?' ಆ ಮಾತಿನಲ್ಲಿ ಹುರುಳಿದೆ.

ಅಂಥವರ ಕೈಗೆ ಗಿಜುಭಾಯಿ ಬಧೇಕಾ ಅವರ ದಿವಾಸ್ವಪ್ನ ಕೊಡಬೇಕು. ಗಿಜುಭಾಯಿ ವಕೀಲರಾಗಿದ್ದವರು. ಆ ವೃತ್ತಿ ಬಿಟ್ಟು 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ಕಟ್ಟಿದರು. ಅವರು ಗುಜರಾತಿಯಲ್ಲಿ ಬರೆದ ಈ ಕಲ್ಪಿತ ಕಥೆಯಲ್ಲಿ ಲಕ್ಷ್ಮೀರಾಮ್ ಎಂಬ ಮೇಷ್ಟ್ರು ಶಿಕ್ಷಣಾಧಿಕಾರಿಯನ್ನು ಕಂಡು ಸಾಧಾರಣ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯನ್ನು ಒಂದು ವರ್ಷಕ್ಕೆ ಕೇಳಿ ಪಡೆಯುತ್ತಾನೆ. ಮೊದಲ ದಿನ ಮಾಂಟೆಸ್ಸರಿ ಪುಸ್ತಕಗಳಲ್ಲಿ ಓದಿಕೊಂಡಿದ್ದ ಮೌನದ ಆಟ ಆಡಿಸಲು ಹೋಗುತ್ತಾನೆ. ಕಿಟಕಿ ಮುಚ್ಚಿದ್ದೇ ತಡ, ಒಬ್ಬ ಕೂಗುತ್ತಾನೆ, ಇನ್ನೊಬ್ಬ ಕುಣಿಯುತ್ತಾನೆ. ಮೇಷ್ಟ್ರು ರಜೆ ಕೊಟ್ಟು ಮನೆಗೆ ಹೋಗುತ್ತಾನೆ. ಮಾರನೇ ದಿನ ಕಥೆ ಹೇಳಲು ಶುರು ಮಾಡುತ್ತಾನೆ, ಅಲ್ಲಿಂದ ತರಗತಿ ಅವನ ಕೈಗೆ ಬರುತ್ತದೆ.

ಓದು ಕಲಿಸುವವರು ಗಮನಿಸಬೇಕಾದದ್ದು ಆಮೇಲಿನ ಕ್ರಮ. ಮೊದಲು ಕಥೆ ಕೇಳಿಸುವುದು, ಕಥೆಯ ಚಟ ಹತ್ತಿಸುವುದು, ತರಗತಿಯಲ್ಲೇ ಪುಟ್ಟ ಗ್ರಂಥಾಲಯ ಕಟ್ಟುವುದು, ನಾಟಕ, ಅಂತ್ಯಾಕ್ಷರಿ, ಕೊನೆಗೆ ವ್ಯಾಕರಣ. ಅಧಿಕಾರಿಯ ಭೇಟಿ, ಸಹೋದ್ಯೋಗಿಗಳ ವ್ಯಂಗ್ಯ, ಪೋಷಕರ ಗೊಣಗಾಟ, ವರ್ಷದ ಕೊನೆಯ ಪರೀಕ್ಷೆ ಎಲ್ಲವೂ ಕಥೆಯಲ್ಲಿವೆ. ಸುಮಾರು ತೊಂಬತ್ತು ವರ್ಷ ಹಳೆಯದಾದರೂ ಇಲ್ಲಿನ ಶಾಲೆಯ ವಾಸನೆ ನಮಗೆ ಗುರುತು ಸಿಗುತ್ತದೆ. ಎರಡರಲ್ಲಿ ಒಂದೇ ಅಂದರೆ ನನ್ನ ಮತ ದಿವಾಸ್ವಪ್ನಕ್ಕೆ. ನಾಲ್ಕನೇ ಬಗೆಯ ಮಗು, ಅಂದರೆ ಓದಲು ಬಂದರೂ ಓದದ ಮಗು ನಿಮ್ಮ ಚಿಂತೆಯಾದರೆ ಬೇರೆ ಪುಸ್ತಕ ಹುಡುಕುವುದೇ ಬೇಡ.

ಮುಖ ನೋಡಿ ಓದುವ ಮಗುವಿಗೆ: ಜಾನ್ ಹೋಲ್ಟ್

ಅಮೆರಿಕದ ಜಾನ್ ಹೋಲ್ಟ್ 1964ರಲ್ಲಿ ಪ್ರಕಟಿಸಿದ 'ಹೌ ಚಿಲ್ಡ್ರನ್ ಫೇಲ್' ಒಬ್ಬ ಶಿಕ್ಷಕನ ದಿನಚರಿಯಂತಿದೆ. ಅವರು ಬರೆದದ್ದು ಬಡ ಮಕ್ಕಳ ಬಗ್ಗೆಯಲ್ಲ. ಉಳ್ಳವರ ಮಕ್ಕಳು ಓದುವ ಖಾಸಗಿ ಶಾಲೆಗಳ ಐದನೇ ತರಗತಿ ಅದು. ಅಲ್ಲಿಯೂ ಮಕ್ಕಳು ದಿನವಿಡೀ ಮಾಡುತ್ತಿದ್ದದ್ದು ಕಲಿಯುವ ಕೆಲಸಕ್ಕಿಂತ ತಪ್ಪಿಸಿಕೊಳ್ಳುವ ಕೆಲಸವೇ ಹೆಚ್ಚು ಎಂದು ಅವರಿಗೆ ಕಂಡಿತು.

ಒಂದು ಆಟದ ಪ್ರಸಂಗ ಇದೆ. ಒಂದರಿಂದ ಹತ್ತು ಸಾವಿರದೊಳಗೆ ಮೇಷ್ಟ್ರು ನೆನೆಸಿಕೊಂಡ ಸಂಖ್ಯೆಯನ್ನು ಪ್ರಶ್ನೆ ಕೇಳಿ ಕಂಡುಹಿಡಿಯಬೇಕು. 'ಐದು ಸಾವಿರಕ್ಕಿಂತ ಮೇಲಾ?' ಎಂದಾಗ 'ಹೌದು' ಅಂದರೆ ಮಕ್ಕಳು ಕುಣಿಯುತ್ತಾರೆ, 'ಇಲ್ಲ' ಅಂದರೆ ಮುಖ ಬಾಡುತ್ತದೆ. ಎರಡೂ ಉತ್ತರದಿಂದ ಸಿಗುವ ಮಾಹಿತಿ ಸರಿಸಮ. ಮಕ್ಕಳಿಗೆ ಬೇಕಾದದ್ದು ಮಾಹಿತಿಯಲ್ಲ, 'ಹೌದು' ಎಂಬ ಮಾತು.

ಇದನ್ನು ಓದಿದ ಮೇಲೆ ಗಟ್ಟಿ ಓದಿನ ಅವಧಿಯಲ್ಲಿ ಸ್ವಲ್ಪ ಪಕ್ಕಕ್ಕೆ ನಿಂತು ನೋಡಿ. ಪದದ ಮೊದಲ ಅಕ್ಷರ ಹೇಳಿ ನಿಮ್ಮ ಹುಬ್ಬಿನ ಕಡೆ ಕಣ್ಣು ಹಾಯಿಸುವವರು, ಬಾಯೊಳಗೇ ಗೊಣಗಿ ನೀವೇ ಪದ ಪೂರ್ತಿ ಮಾಡಲಿ ಎಂದು ಕಾಯುವವರು, ಪಕ್ಕದವಳು ಓದಿದ್ದನ್ನು ಬಾಯಿಪಾಠದಿಂದ ಒಪ್ಪಿಸುವವರು, ಒಬ್ಬೊಬ್ಬರೂ ಕಣ್ಣಿಗೆ ಬೀಳುತ್ತಾರೆ. ಹೋಲ್ಟ್ ಪರಿಹಾರ ಹೇಳುವುದಕ್ಕಿಂತ ನೋಡುವುದನ್ನು ಕಲಿಸುತ್ತಾರೆ. ಮುಂದೆ ಅವರು ಶಾಲೆಯ ಮೇಲೆಯೇ ನಂಬಿಕೆ ಕಳೆದುಕೊಂಡು ಮನೆಯಲ್ಲೇ ಕಲಿಯುವ ಚಳವಳಿಯ ಕಡೆ ಹೋದರು. ಅಲ್ಲಿಯವರೆಗೆ ಅವರ ಹಿಂದೆ ಹೋಗಬೇಕಾದ ಅಗತ್ಯ ಸರ್ಕಾರಿ ಶಾಲೆಯ ಶಿಕ್ಷಕರಿಗಿಲ್ಲ. ಇಂಗ್ಲಿಷ್ ಸರಳವಾಗಿದೆ, ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಬಹುದು.

ಓದುತ್ತದೆ, ಅರ್ಥವಾಗುವುದಿಲ್ಲ: ಡೇನಿಯಲ್ ವಿಲಿಂಗ್‌ಹ್ಯಾಮ್

ಐದು, ಆರು, ಏಳನೇ ತರಗತಿಯವರ ದೊಡ್ಡ ತಲೆನೋವು ಇದೇ. ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಹೇಳುವ ಮದ್ದು 'ಇನ್ನಷ್ಟು ಓದಿಸಿ'. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವಿಲಿಂಗ್‌ಹ್ಯಾಮ್ ಅವರ 'ವೈ ಡೋಂಟ್ ಸ್ಟೂಡೆಂಟ್ಸ್ ಲೈಕ್ ಸ್ಕೂಲ್?' (2009) ಬೇರೆ ದಾರಿ ತೋರಿಸುತ್ತದೆ. ಮನುಷ್ಯನಿಗೆ ಕುತೂಹಲ ಸಹಜ, ಯೋಚನೆ ಮಾತ್ರ ನಿಧಾನದ, ಶ್ರಮದ ಕೆಲಸ. ಆದಷ್ಟು ಅದನ್ನು ತಪ್ಪಿಸಿ ನೆನಪಿನಿಂದ ಕೆಲಸ ಸಾಗಿಸುವುದೇ ಮಿದುಳಿನ ರೂಢಿ ಎಂಬಲ್ಲಿಂದ ಅವರು ಶುರು ಮಾಡುತ್ತಾರೆ.

ಓದು ಕಲಿಸುವವರಿಗೆ ಮುಖ್ಯವಾದದ್ದು ಹಿನ್ನೆಲೆ ತಿಳಿವಳಿಕೆಯ ಅಧ್ಯಾಯ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕಿಯರು ನಡೆಸಿದ ಪ್ರಯೋಗದಲ್ಲಿ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅದನ್ನು ಮತ್ತೆ ಹೇಳಿದರು. ಅರ್ಥಮಾಡಿಕೊಳ್ಳುವುದು ಯಾವ ಪಠ್ಯಕ್ಕಾದರೂ ಒಂದೇ ತರ ಬಳಸಬಹುದಾದ ಕೌಶಲವಲ್ಲ, ಆ ವಿಷಯದ ಬಗ್ಗೆ ತಲೆಯಲ್ಲಿ ಮೊದಲೇ ಏನಿದೆ ಎಂಬುದನ್ನೂ ಅದು ಅವಲಂಬಿಸಿದೆ ಎಂದಾಯಿತು.

ಇದನ್ನು ನಮ್ಮ ಪಠ್ಯಪುಸ್ತಕಕ್ಕೆ ತಂದು ನೋಡಿ. ಕಂಬಳದ ಪಾಠ ಕಾರ್ಕಳದ ಹುಡುಗನಿಗೂ ಬೀದರಿನ ಹುಡುಗಿಗೂ ಒಂದೇ ಆಗಿರಲು ಹೇಗೆ ಸಾಧ್ಯ? ಕೆಸರುಗದ್ದೆ ಎಂದರೆ ಒಬ್ಬನ ಕಣ್ಣಮುಂದೆ ಕೋಣಗಳು ನೀರು ಸೀಳಿಕೊಂಡು ಓಡುತ್ತವೆ. ಕರಿಮಣ್ಣಿನ ಜೋಳದ ಹೊಲದಿಂದ ಬಂದ ಇನ್ನೊಬ್ಬಳಿಗೆ ಅಲ್ಲಿ ಬರೀ ಪದಗಳು. ಅವಳ ಪ್ರಗತಿಪತ್ರದಲ್ಲಿ ನಾವು 'ಗ್ರಹಿಕೆ ಕಡಿಮೆ' ಎಂದು ಬರೆಯುತ್ತೇವೆ. ಪಾಠಕ್ಕೆ ಮೊದಲು ಹತ್ತು ನಿಮಿಷ ವಿಡಿಯೊ, ಚಿತ್ರ, ಮಾತುಕತೆ, ಆ ಮೇಲೆ ಓದು: ಪುಸ್ತಕದಿಂದ ಸೋಮವಾರವೇ ತರಗತಿಗೆ ಒಯ್ಯಬಹುದಾದ ಕೆಲಸ ಇದು. ಪರಿಸರ ಅಧ್ಯಯನ, ಸಮಾಜ ವಿಜ್ಞಾನದ ಅವಧಿಗಳನ್ನು ಕತ್ತರಿಸಿ ಕನ್ನಡ ಓದಿಗೆ ಕೊಡುವುದು ಓದಿಗೇ ನಷ್ಟ ಎಂಬುದೂ ಇದರಿಂದಲೇ ಹೊರಡುತ್ತದೆ. ಪರಿಹಾರ ಬೋಧನೆಯ ಹೆಸರಿನಲ್ಲಿ ಹಾಗೆ ಮಾಡುವ ಶಾಲೆಗಳಿವೆ.

ಇನ್ನೊಂದು ಮಾತು ಅದರಲ್ಲಿದೆ: ಮಕ್ಕಳಿಗೆ ನೆನಪುಳಿಯುವುದು ಅವರು ಯಾವುದರ ಬಗ್ಗೆ ಯೋಚಿಸಿದರೋ ಅದು, ನಾವು ಕಲಿಸಬೇಕೆಂದುಕೊಂಡದ್ದಲ್ಲ. ಗುಲಾಮರು ತಪ್ಪಿಸಿಕೊಂಡು ಹೋಗುತ್ತಿದ್ದ ಇತಿಹಾಸದ ಪಾಠಕ್ಕೆ ಅವರು ದಾರಿಯಲ್ಲಿ ತಿನ್ನುತ್ತಿದ್ದ ಬಿಸ್ಕೆಟ್ ಮಾಡಿಸಿದರೆ ಮಕ್ಕಳು ನಲವತ್ತು ಸೆಕೆಂಡು ಇತಿಹಾಸದ ಬಗ್ಗೆ, ನಲವತ್ತು ನಿಮಿಷ ಹಿಟ್ಟಿನ ಅಳತೆಯ ಬಗ್ಗೆ ಯೋಚಿಸುತ್ತಾರೆ ಎಂಬ ಉದಾಹರಣೆ ಕೊಡುತ್ತಾರೆ. ಚಂದ್ರಯಾನದ ಪಾಠಕ್ಕೆ ಥರ್ಮಾಕೋಲ್ ರಾಕೆಟ್ ಮಾಡಿಸಿ ಗೋಡೆಗೆ ಅಂಟಿಸುವ ನಮಗೆ ಇದು ನೇರವಾಗಿ ನಾಟುತ್ತದೆ. ನಲಿವಿನ ಚಟುವಟಿಕೆ ಬೇಡ ಎಂದು ಅವರು ಹೇಳುತ್ತಿಲ್ಲ. ಚಟುವಟಿಕೆ ನಡೆಯುವಾಗ ಮಗುವಿನ ತಲೆಯಲ್ಲಿ ಏನು ಓಡುತ್ತಿದೆ ಎಂದು ಕೇಳುತ್ತಿದ್ದಾರೆ.

ಗಿಜುಭಾಯಿ ಮತ್ತು ವಿಲಿಂಗ್‌ಹ್ಯಾಮ್ ಎದುರುಬದುರು ನಿಲ್ಲುವುದು ಇಲ್ಲಿಯೇ. ಒಬ್ಬರು ಮಗುವಿನ ಆಸೆಯಿಂದ ಹೊರಡುತ್ತಾರೆ, ಇನ್ನೊಬ್ಬರು ನೆನಪಿನಿಂದ. ಬಾಯಿಪಾಠವನ್ನು ಕಂಡರೆ ಒಬ್ಬರಿಗೆ ಸಿಟ್ಟು. ಇನ್ನೊಬ್ಬರು ತಿಳಿದದ್ದು ತಲೆಯಲ್ಲಿ ಗಟ್ಟಿಯಾಗಿ ಕೂತಿರದಿದ್ದರೆ ವಿಮರ್ಶಾತ್ಮಕ ಯೋಚನೆಗೆ ಸಾಮಗ್ರಿಯೇ ಇರುವುದಿಲ್ಲ ಎನ್ನುತ್ತಾರೆ. ನನಗೆ ಕಿರಿಯ ತರಗತಿಗಳಲ್ಲಿ ಮೊದಲನೆಯವರು, ಹಿರಿಯ ಪ್ರಾಥಮಿಕದಲ್ಲಿ ಎರಡನೆಯವರು ಹೆಚ್ಚು ಉಪಯೋಗಕ್ಕೆ ಬರುವಂತೆ ಕಾಣುತ್ತದೆ. ಇಬ್ಬರನ್ನೂ ಒಂದೇ ತಿಂಗಳಲ್ಲಿ ಓದಿದರೆ ಜಗಳ ಚೆನ್ನಾಗಿ ಕಾಣುತ್ತದೆ.

ಅಕ್ಷರದ ಹಂತದಲ್ಲೇ ಸಿಕ್ಕಿಕೊಂಡವರಿಗೆ

ಇಲ್ಲಿ ಆಯ್ಕೆ ಕಷ್ಟ, ಏಕೆಂದರೆ ಹೆಸರಾದ ಯಾವ ಪುಸ್ತಕವೂ ನಮ್ಮ ಲಿಪಿಗಾಗಿ ಬರೆದದ್ದಲ್ಲ.

ನ್ಯೂಜಿಲೆಂಡಿನ ಸಿಲ್ವಿಯಾ ಆಷ್ಟನ್-ವಾರ್ನರ್ ಅವರ 'ಟೀಚರ್' 1963ರದ್ದು. ಮಾವೊರಿ ಮಕ್ಕಳಿಗೆ ಇಂಗ್ಲಿಷ್ ವಾಚಿಕೆಗಳ ಅಚ್ಚುಕಟ್ಟಾದ ಬಿಳಿಯ ಕುಟುಂಬ ಏನೂ ಅನ್ನಿಸುತ್ತಿರಲಿಲ್ಲ. ಈಕೆ ಪ್ರತಿ ಮಗುವನ್ನೂ ಕರೆದು 'ನಿನಗೆ ಯಾವ ಪದ ಬೇಕು?' ಎಂದು ಕೇಳಿ, ಅದನ್ನು ದಪ್ಪ ಕಾರ್ಡಿನಲ್ಲಿ ಬರೆದುಕೊಟ್ಟರು. ಭಯದ, ಪ್ರೀತಿಯ ಪದಗಳೇ ಬಂದವು: ದೆವ್ವ, ಮುತ್ತು. ಮಾರನೇ ದಿನ ಮಗು ಗುರುತಿಸದ ಕಾರ್ಡನ್ನು ಎಸೆದುಬಿಡುತ್ತಿದ್ದರು, ಅದು ಆ ಮಗುವಿನ ಪದವಲ್ಲ ಎಂದು. ಲಂಬಾಣಿ ತಾಂಡಾದಲ್ಲಿ, ಗಡಿಯ ತೆಲುಗು, ಮರಾಠಿ, ಉರ್ದು ಮನೆಗಳ ಮಕ್ಕಳಿಗೆ ಕನ್ನಡ ಕಲಿಸುವವರು ಇದನ್ನು ತಪ್ಪದೆ ಓದಬೇಕು. ಭಾಷೆ ಅಲ್ಲಲ್ಲಿ ಭಾವುಕವಾಗಿದೆ, ಹಾರಿಸಿಕೊಂಡು ಓದಿದರೂ ನಡೆಯುತ್ತದೆ.

ಬ್ರೆಜಿಲಿನ ಪಾಲೊ ಫ್ರೇರೆ ಎಂದರೆ ನಮ್ಮ ಬಿ.ಇಡಿ. ಟಿಪ್ಪಣಿಗಳಲ್ಲಿ 'ಬ್ಯಾಂಕಿಂಗ್ ಶಿಕ್ಷಣ' (ಖಾತೆಗೆ ಹಣ ಕಟ್ಟಿದಂತೆ ಕಲಿಯುವವರ ತಲೆಗೆ ಮಾಹಿತಿ ತುಂಬುವುದು) ಎಂಬ ಎರಡು ಅಂಕದ ಪ್ರಶ್ನೆ. ಅದು 1968ರಲ್ಲಿ ಬರೆದ 'ಪೆಡಗಾಜಿ ಆಫ್ ದಿ ಅಪ್ರೆಸ್ಡ್' ಪುಸ್ತಕದ ಮಾತು. ಓದು ಕಲಿಸುವವರಿಗೆ ಅದಕ್ಕಿಂತ ಉಪಯೋಗ ಅವರ ಮುಂಚಿನ, ಸ್ವಾತಂತ್ರ್ಯದ ಆಚರಣೆಯಾಗಿ ಶಿಕ್ಷಣ ಎಂಬ ಪ್ರಬಂಧ. 1960ರ ದಶಕದ ಮೊದಲಲ್ಲಿ ಕೂಲಿಕಾರ್ಮಿಕರಿಗೆ ಓದು ಕಲಿಸಿದ ಕ್ರಮ ಅದರಲ್ಲಿದೆ. ಅವರ ಬದುಕಿನದೇ ಒಂದು ಪದ, ಉದಾಹರಣೆಗೆ ಇಟ್ಟಿಗೆ ಎಂಬರ್ಥದ 'ತಿಜೋಲು' ತೆಗೆದುಕೊಂಡು, ಮೊದಲು ಅದರ ಬಗ್ಗೆ ಮಾತಾಡಿ, ಆಮೇಲೆ ತಿ-ಜೋ-ಲು ಎಂದು ಒಡೆದು, ಪ್ರತಿಯೊಂದರ ಕುಟುಂಬ ಬರೆಯುವುದು: ತ ತೆ ತಿ ತೊ ತು, ಜ ಜೆ ಜಿ ಜೊ ಜು, ಲ ಲೆ ಲಿ ಲೊ ಲು. ಇದು ಕಾಗುಣಿತವೇ! ವ್ಯತ್ಯಾಸ ಒಂದೇ. ನಾವು ಕಾಗುಣಿತವನ್ನು ಉದ್ದಕ್ಕೆ ಹೇಳಿಸಿ ಮುಗಿಸುತ್ತೇವೆ. ಅವರು ಅದೇ ಕೂಟದಲ್ಲಿ ಆ ತುಂಡುಗಳನ್ನು ಅಡ್ಡಾದಿಡ್ಡಿ ಜೋಡಿಸಿ ಹೊಸ ಪದ ಕಟ್ಟಿಸುತ್ತಿದ್ದರು.

ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ತರಗತಿ ನಡೆಸಿದವರಿಗೆ ಈ ತರ್ಕ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಶಿಕ್ಷಕರಿಂದ ಶುರುವಾದ ನಲಿಕಲಿಯಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು 'ರ ಗ ಸ ದ ಅ' ಎಂದು ಆರಂಭಿಸುವುದು ಇದಕ್ಕೇ. ಐದೇ ಅಕ್ಷರದಲ್ಲಿ ಸರ, ರಸ, ಅಗಸ, ಅರಸ, ದಸರ ಎಲ್ಲ ಬರುತ್ತವೆ.

ಮಿದುಳಿನ ಕಡೆಯಿಂದ ನೋಡಬೇಕೆನ್ನುವವರಿಗೆ ಫ್ರಾನ್ಸಿನ ಸ್ಟಾನಿಸ್ಲಾಸ್ ದೆಹಾನ್ ಅವರ 'ರೀಡಿಂಗ್ ಇನ್ ದಿ ಬ್ರೈನ್' (ಇಂಗ್ಲಿಷಿನಲ್ಲಿ 2009) ಇದೆ. ಓದಲೆಂದೇ ಹುಟ್ಟಿನಿಂದ ಬಂದ ಭಾಗ ಮಿದುಳಿನಲ್ಲಿಲ್ಲ, ವಸ್ತುಗಳನ್ನು, ಮುಖಗಳನ್ನು ಗುರುತಿಸುವ ಎಡಭಾಗದ ಒಂದು ಜಾಗವೇ ಅಕ್ಷರಕ್ಕೆ ಪಳಗುತ್ತದೆ ಎಂಬುದು ಅದರ ತಿರುಳು. ಇಂಗ್ಲಿಷ್ ಮಕ್ಕಳು ಬಿ ಮತ್ತು ಡಿ ಅಕ್ಷರಗಳನ್ನು ಅದಲುಬದಲು ಮಾಡುವುದೇಕೆ ಎಂಬ ವಿವರಣೆ ಸೊಗಸಾಗಿದೆ. ಆದರೆ ಕನ್ನಡದ ಮಕ್ಕಳನ್ನು ಕಾಡುವುದು ಕನ್ನಡಿಯ ಬಿಂಬವಲ್ಲ. ದ, ಧ, ಥ ನಡುವಿನ ಒಂದು ಗೀಟು, ಒಂದು ಚುಕ್ಕೆ ಕಾಡುತ್ತದೆ. ಪ, ಷ, ಫ ಕಾಡುತ್ತವೆ. ಜೊತೆಗೆ ಲೆಕ್ಕವೂ ಬೇರೆ: ಇಂಗ್ಲಿಷಿಗೆ 26 ಅಕ್ಷರ, ಉಚ್ಚಾರದ ಗೊಂದಲ ಅಪಾರ. ಕನ್ನಡದಲ್ಲಿ ಉಚ್ಚಾರ ಬಹುಮಟ್ಟಿಗೆ ನೇರ, ಆದರೆ ಕಾಗುಣಿತವೇ ನಾನೂರಕ್ಕೂ ಹೆಚ್ಚು ರೂಪ, ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಮೇಲೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಂತರದ ತರಗತಿಗಳಿಗೂ ಚಾಚಿಕೊಳ್ಳುತ್ತದೆ ಎಂದು ತೋರಿಸಿತು. 'ಮೂರನೇ ತರಗತಿಗೆ ಬಂದರೂ ಒತ್ತಕ್ಷರ ಬರಲ್ಲ' ಎಂದು ಮಗುವನ್ನು ಹಿಂದುಳಿದವರ ಸಾಲಿಗೆ ಹಾಕುವ ಮೊದಲು ಆ ಸಂಶೋಧನಾ ಲೇಖನ ಓದುವುದು ದಪ್ಪ ಪುಸ್ತಕ ಓದುವುದಕ್ಕಿಂತ ಲಾಭ. ದೆಹಾನ್ ಅವರನ್ನು ಆಸಕ್ತಿಗಾಗಿ ಓದಿ, ವಿಧಾನಕ್ಕಾಗಿ ಬೇಡ.

ಅಂಕ ಕೊಡುವ ಕೈಗೆ: ಡೇನಿಯಲ್ ಕಾನೆಮನ್

'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' (2011) ಶಿಕ್ಷಕರಿಗಾಗಿ ಬರೆದದ್ದಲ್ಲ. ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿಯ ದೊಡ್ಡ ಗ್ರಂಥ. ಪೂರ್ತಿ ಓದಲು ತಿಂಗಳುಗಳೇ ಬೇಕಾಗಬಹುದು, ಅದರಲ್ಲಿನ ಕೆಲವು ಹಳೆಯ ಪ್ರಯೋಗಗಳು ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ ಎಂದು ಲೇಖಕರೇ ನಂತರ ಒಪ್ಪಿಕೊಂಡರು. ಆದರೂ ಎರಡು ಪ್ರಸಂಗಗಳಿಗಾಗಿ ಗ್ರಂಥಾಲಯದಿಂದ ಎರವಲು ತರಬಹುದು.

ಒಂದು, ಉತ್ತರಪತ್ರಿಕೆ. ಒಬ್ಬ ವಿದ್ಯಾರ್ಥಿಯ ಮೊದಲ ಉತ್ತರ ಚೆನ್ನಾಗಿದ್ದರೆ ಎರಡನೆಯದರ ಮಬ್ಬು ಸಾಲುಗಳಿಗೂ ತಾನು ಧಾರಾಳವಾಗಿ ಅಂಕ ಕೊಡುತ್ತಿದ್ದೆ ಎಂದು ಅವರು ಗಮನಿಸಿದರು. ಆಮೇಲೆ ಎಲ್ಲರ ಮೊದಲ ಉತ್ತರ ಮುಗಿಸಿ ಎಲ್ಲರ ಎರಡನೆಯದಕ್ಕೆ ಹೋಗತೊಡಗಿದರು, ಹಿಂದಿನ ಅಂಕ ಕಣ್ಣಿಗೆ ಬೀಳದಂತೆ. ಅಂಕಗಳು ಹೆಚ್ಚು ನ್ಯಾಯವಾದವು, ತಮ್ಮ ಮೇಲಿನ ವಿಶ್ವಾಸ ಇಳಿಯಿತು. ಮೌಖಿಕ ಓದಿನ ಪರೀಕ್ಷೆಯಲ್ಲಿ ಇದು ಇನ್ನೂ ಹೆಚ್ಚು ನಡೆಯುತ್ತದೆ: ಶುಭ್ರವಾಗಿ ಬಂದು ನಮಸ್ಕಾರ ಹೇಳಿದ ಮಗುವಿನ ತಡವರಿಕೆ ನಮಗೆ ಕೇಳಿಸುವುದೇ ಇಲ್ಲ.

ಎರಡು, ಬೈಗುಳ. ಇಸ್ರೇಲಿನ ವಿಮಾನ ತರಬೇತುದಾರರು ಹೊಗಳಿದ ಮಾರನೇ ಹಾರಾಟ ಕೆಡುತ್ತದೆ, ಬೈದ ಮೇಲಿನದು ಸುಧಾರಿಸುತ್ತದೆ, ಹಾಗಾಗಿ ಬೈಗುಳವೇ ಸರಿ ಎಂದು ವಾದಿಸಿದರು. ತುಂಬ ಒಳ್ಳೆಯದರ ನಂತರ ಸಾಧಾರಣ, ತುಂಬ ಕೆಟ್ಟದ್ದರ ನಂತರವೂ ಸಾಧಾರಣ ಬರುವುದು ಆಕಸ್ಮಿಕದ ಸಹಜ ನಡೆ, ಬೈದಿದ್ದರ ಫಲವಲ್ಲ ಎಂದು ಕಾನೆಮನ್ ತೋರಿಸಿದರು. 'ನಾಲ್ಕು ಬಿಟ್ಟರೆ ಓದ್ತಾರೆ' ಎನ್ನುವವರ ಅನುಭವ ಸುಳ್ಳಲ್ಲ, ಅದರಿಂದ ಅವರು ತೆಗೆದ ತೀರ್ಮಾನ ಸುಳ್ಳು.

ಬುದ್ಧಿ ಶ್ರಮದಿಂದ ಬೆಳೆಯುತ್ತದೆ ಎಂದು ನಂಬಿದವರು ಹೆಚ್ಚು ಕಲಿಯುತ್ತಾರೆ ಎನ್ನುವ ಕ್ಯಾರಲ್ ಡ್ವೆಕ್ ಅವರ 'ಮೈಂಡ್‌ಸೆಟ್' ಶಿಕ್ಷಕರ ತರಬೇತಿಗಳಲ್ಲಿ ಬಹಳ ಓಡಾಡುತ್ತದೆ. ಮುಂದಿನ ದೊಡ್ಡ ಅಧ್ಯಯನಗಳಲ್ಲಿ ಅದರ ಪರಿಣಾಮ ಚಿಕ್ಕದಾಗಿಯೇ ಕಂಡಿದೆ. ತಿರುಳನ್ನು ಒಂದು ಲೇಖನದಲ್ಲಿ ಓದಿದರೆ ಸಾಕು.

ಕೊನೆಯ ಒಂದು, ಮತ್ತು ಆರಿಸುವ ಬಗೆ

ಓದದ ಮಕ್ಕಳ ಮಾತು ಬಂದಾಗಲೆಲ್ಲ 'ಮನೆ ವಾತಾವರಣ ಸರಿಯಿಲ್ಲ' ಎಂದು ಮುಗಿಸುವ ಸಿಬ್ಬಂದಿ ಕೊಠಡಿ ನಿಮ್ಮದಾದರೆ 'ಲೆಟರ್ ಟು ಎ ಟೀಚರ್' ತನ್ನಿ. ಇಟಲಿಯ ಬಾರ್ಬಿಯಾನ ಎಂಬ ಬೆಟ್ಟದ ಹಳ್ಳಿಯಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ನಡೆಸುತ್ತಿದ್ದ ಶಾಲೆಯ ಎಂಟು ಹುಡುಗರು ಸೇರಿ 1967ರಲ್ಲಿ ಬರೆದ ಪತ್ರ ಅದು, ತಮ್ಮಂಥ ಬಡ ಮಕ್ಕಳನ್ನು ಫೇಲು ಮಾಡಿ ಹೊರಹಾಕಿದ ಶಿಕ್ಷಕಿಗೆ. ಡಾಕ್ಟರ ಮಗ ಪಿಯೆರಿನೊ ಶಾಲೆಗೆ ಬರುವ ಮೊದಲೇ ಓದಲು ಕಲಿತಿರುತ್ತಾನೆ, ಬಡವರ ಮನೆಯ ಜಾನ್ನಿ ಕಲಿಯಲೆಂದೇ ಬಂದಿರುತ್ತಾನೆ. ಶಾಲೆ ಇಬ್ಬರಿಗೂ ಒಂದೇ ಪರೀಕ್ಷೆ ಕೊಡುತ್ತದೆ. ಮಾತು ಹರಿತ, ನಿಮಗೆ ಸಿಟ್ಟು ಬರಬಹುದು. ಅದನ್ನು ಬರೆದ ಕ್ರಮವೇ ಒಂದು ಪಾಠ. ಒಂದೊಂದು ವಿಚಾರವನ್ನು ಒಂದೊಂದು ಚೀಟಿಯಲ್ಲಿ ಬರೆದು, ಮೇಜಿನ ಮೇಲೆ ಹರಡಿ, ಒಂದೇ ಬಗೆಯವನ್ನು ಗುಂಪು ಮಾಡಿ, ಅನಗತ್ಯ ಪದಗಳನ್ನು ಎಲ್ಲರೂ ಸೇರಿ ಹೊಡೆದುಹಾಕುತ್ತಿದ್ದರು. ಆರು, ಏಳನೇ ತರಗತಿಯಲ್ಲಿ ಪ್ರಬಂಧ ಬರೆಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದ ಶಾಲೆಯಾದ್ದರಿಂದ ಏಕೋಪಾಧ್ಯಾಯ ಶಾಲೆಯವರಿಗೂ ಇದರಲ್ಲಿ ಸಿಗುವುದು ಹೆಚ್ಚು.

ಹಾಗಾದರೆ ಯಾವುದು ಮೊದಲು? ನಲಿಕಲಿ ತರಗತಿಯವರು ಆಷ್ಟನ್-ವಾರ್ನರ್, ಮನೆಮಾತು ಕನ್ನಡವಲ್ಲದ ಮಕ್ಕಳಿದ್ದರೆ ಖಂಡಿತ. ನಾಲ್ಕು, ಐದರವರು ದಿವಾಸ್ವಪ್ನ, ಅದರ ಬೆನ್ನಿಗೇ ಹೋಲ್ಟ್. ಆರು, ಏಳರವರು ವಿಲಿಂಗ್‌ಹ್ಯಾಮ್. ಮುಖ್ಯ ಶಿಕ್ಷಕರು, ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಬಾರ್ಬಿಯಾನದ ಪತ್ರ ಮತ್ತು ಕಾನೆಮನ್ ಅವರ ಆ ಎರಡು ಪ್ರಸಂಗ. ಇಂಗ್ಲಿಷ್ ತೊಡಕೆನಿಸಿದರೆ ಇಬ್ಬರು ಮೂವರು ಸೇರಿ ಅಧ್ಯಾಯ ಹಂಚಿಕೊಂಡು ಓದಿ, ಸಮಾಲೋಚನಾ ಸಭೆಯಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ಹೇಳುವಾಗ ಸಾರಾಂಶ ಬೇಡ. ಆ ಅಧ್ಯಾಯ ಓದಿದ ಮೇಲೆ ತರಗತಿಯಲ್ಲಿ ಯಾವ ಒಂದು ಕೆಲಸ ಬದಲಾಯಿಸಿದಿರಿ, ಅದಕ್ಕೆ ಮಕ್ಕಳು ಏನು ಮಾಡಿದರು ಎಂಬುದಷ್ಟೇ ಇರಲಿ. ಬದಲಾಯಿಸಲು ಏನೂ ಸಿಗದ ಪುಸ್ತಕವನ್ನು ಅರ್ಧಕ್ಕೇ ಮುಚ್ಚಿ ಮುಂದಿನದನ್ನು ತೆಗೆದುಕೊಳ್ಳಿ.